ಬಿಸಿಲು ಕಾಣದ ಗೋಡೆಗೂ ಹೂವಿನ ಹೊದಿಕೆ

ಮನೆಯ ಉತ್ತರ ದಿಕ್ಕಿನ ಗೋಡೆ ಎಂದರೆ ಇಂಗ್ಲೆಂಡಿನ ತೋಟಪ್ರಿಯರಿಗೆ ಒಂದು ತಲೆನೋವು. ಅಲ್ಲಿ ನಡುಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ವಾಲಿರುತ್ತಾನೆ. ಉತ್ತರದ ಗೋಡೆಗೆ ಸಿಗುವುದು ಬೇಸಿಗೆಯ ಮುಂಜಾನೆ, ಸಂಜೆಗಳ ಎಳೆಬಿಸಿಲು ಮಾತ್ರ. ಬಿಸಿಲು ಬೇಡುವ ಹೂಬಳ್ಳಿಗಳು ಅಲ್ಲಿ ಸೊರಗುತ್ತವೆ. ಪಾಚಿ ಸೊಗಸಾಗಿ ಬೆಳೆಯುತ್ತದೆ.

ಇಂಥ ಗೋಡೆಯನ್ನೂ ಬೇಸಿಗೆಯ ಆರಂಭದಲ್ಲಿ ಬಿಳಿ ಹೂಗಳಿಂದ ಮುಚ್ಚಿಬಿಡುವ ಸಸ್ಯವೊಂದಿದೆ. ಅದೇ ಬಳ್ಳಿ ಹೈಡ್ರೇಂಜಿಯ. ಆದರೆ ಅದು ಒಂದು ಷರತ್ತು ವಿಧಿಸುತ್ತದೆ: ಮೊದಲ ಮೂರು ನಾಲ್ಕು ವರ್ಷ ಕಾಯಬೇಕು. ಅಷ್ಟರೊಳಗೆ ಬೇಸತ್ತು ಕಿತ್ತವರಿಗೆ, ಜಾಗ ಬದಲಿಸಿದವರಿಗೆ ಅದರ ಹೂ ಕಾಣುವ ಭಾಗ್ಯವಿಲ್ಲ.

ತವರು ಜಪಾನ್

ಜಪಾನ್, ಕೊರಿಯಾ ಮತ್ತು ಸಖಾಲಿನ್ ದ್ವೀಪದ ಕಾಡುಗಳು ಇದರ ತವರು. ಜಪಾನೀಯರು ಇದನ್ನು ‘ತ್ಸುರು ಅಜಿಸಾಯ್’ ಎನ್ನುತ್ತಾರೆ. ‘ತ್ಸುರು’ ಎಂದರೆ ಬಳ್ಳಿ, ‘ಅಜಿಸಾಯ್’ ಎಂದರೆ ಹೈಡ್ರೇಂಜಿಯ. 1823ರಿಂದ 1829ರವರೆಗೆ ನಾಗಸಾಕಿಯ ಡಚ್ ವ್ಯಾಪಾರ ಕೇಂದ್ರದಲ್ಲಿ ವೈದ್ಯನಾಗಿದ್ದ ಜರ್ಮನಿಯ ಫಿಲಿಪ್ ಫ್ರಾಂಜ್ ಫಾನ್ ಸೀಬೋಲ್ಡ್, ಸಸ್ಯವಿಜ್ಞಾನಿ ಜುಕ್ಕಾರಿನಿಯ ಜತೆಗೂಡಿ ಇದಕ್ಕೆ ‘ಹೈಡ್ರೇಂಜಿಯ ಪೆಟಿಯೊಲಾರಿಸ್’ ಎಂದು ಹೆಸರಿಟ್ಟ. ಇದರ ಹತ್ತಿರದ ಬಂಧು ‘ಹೈಡ್ರೇಂಜಿಯ ಅನೋಮಲ’ ಹಿಮಾಲಯದಲ್ಲಿದೆ. 1825ರಲ್ಲಿ ಅದನ್ನು ವರ್ಣಿಸಿದವನು ಡೇವಿಡ್ ಡಾನ್. ‘ಹೈಡ್ರೇಂಜಿಯ’ ಪದಕ್ಕೆ ಗ್ರೀಕ್ ಭಾಷೆಯಲ್ಲಿ ‘ನೀರಿನ ಪಾತ್ರೆ’ ಎಂಬ ಅರ್ಥ ಬರುತ್ತದೆ. ಪುಟ್ಟ ಹೂಜಿಯನ್ನು ಹೋಲುವ ಕಾಯಿಗಳಿಂದಾಗಿ ಬಂದ ಹೆಸರಿದು.

ಮೆಣಸಿನ ಬಳ್ಳಿಯಂತೆ

ಈ ಬಳ್ಳಿ ಮೇಲೇರುವ ಬಗೆ ಮಲೆನಾಡಿನವರಿಗೆ ಹೊಸದಲ್ಲ. ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿಯನ್ನು ನೆನಪಿಸಿಕೊಂಡರೆ ಸಾಕು. ಅದರಂತೆಯೇ ಇದರ ಕಾಂಡದಿಂದಲೂ ಸಣ್ಣ ಬೇರುಗಳು ಹೊರಟು ಆಸರೆಯನ್ನು ಕಚ್ಚಿಕೊಳ್ಳುತ್ತವೆ. ಇವು ಹಿಡಿತಕ್ಕಾಗಿ ಇರುವ ಬೇರುಗಳು. ಮರದ ರಸ ಹೀರುವುದಿಲ್ಲ. ಆದ್ದರಿಂದ ಇದು ಬಂದಳಿಕೆಯಂಥ ಪರಾವಲಂಬಿಯಲ್ಲ. ನೀರು, ಲವಣಗಳಿಗೆ ನೆಲದೊಳಗಿನ ಬೇರನ್ನೇ ನಂಬಿ 40–50 ಅಡಿ ಎತ್ತರಕ್ಕೆ ಏರುತ್ತದೆ.

ಗಟ್ಟಿಯಾದ ಇಟ್ಟಿಗೆ, ಕಲ್ಲಿನ ಗೋಡೆಗೆ ಇದರಿಂದ ಅಪಾಯವಿಲ್ಲ. ಗಾರೆ ಉದುರುತ್ತಿರುವ ಅಥವಾ ಬಣ್ಣ ಬಳಿದ ಗೋಡೆ ಮಾತ್ರ ಸಲ್ಲದು. ಬಲಿತ ಬಳ್ಳಿಯ ಭಾರ ಹೆಚ್ಚು. ಕಿತ್ತರೂ ಬೇರಿನ ಗುರುತು ಸುಲಭವಾಗಿ ಹೋಗುವುದಿಲ್ಲ.

ಹೂವಲ್ಲದ ಹೂವು

ಇದರ ಹೂಗೊಂಚಲು ಬಿಡಿಸಿದ ಕೊಡೆಯಂತೆ ಚಪ್ಪಟೆ. ನಡುವೆ ಸಾಸಿವೆಯಷ್ಟು ಸಣ್ಣ ಹೂಗಳ ದಟ್ಟಣೆ, ಅಂಚಿನಲ್ಲಿ ಅಗಲವಾದ ಬಿಳಿ ಹೂಗಳ ಉಂಗುರ. ಬೀಜ ಕಟ್ಟುವುದು ನಡುವಿನ ಸಣ್ಣ ಹೂಗಳು. ಅಂಚಿನಲ್ಲಿ ಬಿಳಿ ಎಸಳಿನಂತೆ ಕಾಣುವುವು ದಳಗಳೇ ಅಲ್ಲ, ದೊಡ್ಡದಾಗಿ ಬೆಳೆದ ಪುಷ್ಪಪತ್ರಗಳು. ಕೀಟಗಳನ್ನು ಕರೆಯುವ ಜಾಹೀರಾತು ಫಲಕ ಎನ್ನಬಹುದು. ನಮ್ಮ ಉದ್ಯಾನಗಳ ಮುಸ್ಸಾಂಡ ಗಿಡದಲ್ಲಿಯೂ ಇದೇ ಉಪಾಯ ಉಂಟು.

ಊಟಿ, ಕೊಡಗುಗಳಲ್ಲಿ ಕಾಣುವ ಪೊದೆ ಹೈಡ್ರೇಂಜಿಯ ಆಮ್ಲೀಯ ಮಣ್ಣಿನಲ್ಲಿ ನೀಲಿಯಾಗಿಯೂ ಕ್ಷಾರ ಮಣ್ಣಿನಲ್ಲಿ ಗುಲಾಬಿಯಾಗಿಯೂ ಅರಳುತ್ತದೆ. ಆಮ್ಲೀಯ ಮಣ್ಣಿನಲ್ಲಿ ಅಲ್ಯುಮಿನಿಯಂ ಬೇರಿಗೆ ದಕ್ಕುವುದೇ ನೀಲಿಗೆ ಕಾರಣ. ಬಳ್ಳಿ ಹೈಡ್ರೇಂಜಿಯ ಮಾತ್ರ ಯಾವ ಮಣ್ಣಿನಲ್ಲೂ ಬಣ್ಣ ಬದಲಿಸದು.

ನೆಡುವುದು, ಪೋಷಿಸುವುದು

ಗೋಡೆಯ ಬುಡಕ್ಕೇ ನೆಡುವುದು ಸಾಮಾನ್ಯವಾಗಿ ಆಗುವ ತಪ್ಪು. ಗೋಡೆ, ಸೂರುಗಳು ಮಳೆಯನ್ನು ತಡೆಯುವುದರಿಂದ ಅಲ್ಲಿನ ಮಣ್ಣು ಸದಾ ಒಣಗಿರುತ್ತದೆ. ಒಂದೂವರೆ ಅಡಿ ದೂರದಲ್ಲಿ ಗುಂಡಿ ತೆಗೆದು, ಕೊಳೆತ ಎಲೆಗೊಬ್ಬರ ಬೆರೆಸಿ, ಸಸಿಯನ್ನು ಗೋಡೆಯ ಕಡೆಗೆ ವಾಲಿಸಿ ನೆಡಬೇಕು. ಹಿಡಿತದ ಬೇರು ಮೂಡುವವರೆಗೆ ದಾರದ ಆಸರೆ ಬೇಕು. ಮೊದಲೆರಡು ಬೇಸಿಗೆಗಳಲ್ಲಿ ನೀರು ತಪ್ಪಬಾರದು, ಆದರೆ ಬುಡದಲ್ಲಿ ನಿಲ್ಲಲೂಬಾರದು. ಮೇಲೆ ತರಗೆಲೆಯ ಹೊದಿಕೆ ಹಾಕಿದರೆ ತೇವ ಉಳಿಯುತ್ತದೆ.

ಕತ್ತರಿ ಆಡಿಸುವುದರಲ್ಲಿಯೇ ಹೆಚ್ಚಿನವರು ಎಡವುವುದು. ಹೂವಿನ ಮೊಗ್ಗು ಮೂಡುವುದು ಹಿಂದಿನ ವರ್ಷ ಬೆಳೆದ ಕೊಂಬೆಗಳಲ್ಲಿ. ಎಲೆಯೆಲ್ಲ ಉದುರಿದ ಚಳಿಗಾಲದಲ್ಲಿ ‘ಒಣಗಿದೆ’ ಎಂದುಕೊಂಡು ಸವರಿದರೆ ಆ ವರ್ಷದ ಹೂವನ್ನೇ ಕತ್ತರಿಸಿ ಎಸೆದಂತೆ. ಹೂ ಮುಗಿದ ಕೂಡಲೇ ಸವರಬೇಕು. ಸಾರಜನಕ ಗೊಬ್ಬರ ಅತಿಯಾದರೂ ಎಲೆ ಸೊಂಪಾಗಿ ಹೂ ಕಡಿಮೆಯಾಗುತ್ತದೆ. ಈ ಸಸ್ಯವನ್ನು ತಿಂದರೆ ವಿಷವಾದ್ದರಿಂದ ಮಕ್ಕಳಿಗೆ ಮೊದಲೇ ತಿಳಿಸಿಡುವುದು ಒಳ್ಳೆಯದು.

ಮಣ್ಣಿನೊಳಗಿನ ವರ್ಷಗಳು

ಮೊದಲ ವರ್ಷಗಳಲ್ಲಿ ಬಳ್ಳಿ ನಿಂತಲ್ಲೇ ನಿಂತಂತೆ ಕಾಣುತ್ತದೆ. ನೆರಳಿನ ಸಸ್ಯಕ್ಕೆ ಬೆಳಕಿನ ವರಮಾನ ಕಡಿಮೆ. ಗಳಿಸಿದ್ದರಲ್ಲಿ ದೊಡ್ಡ ಪಾಲು ಬೇರಿಗೆ ಹೋಗುತ್ತದೆ. ಬೇರು ನೆಲೆಗೊಂಡ ಮೇಲೆಯೇ ಮೇಲಿನ ಓಟ. ಮೊದಲ ವರ್ಷ ನಿದ್ದೆ, ಎರಡನೆಯ ವರ್ಷ ತೆವಳು, ಮೂರನೆಯ ವರ್ಷ ನೆಗೆತ ಎಂದು ಇಂಗ್ಲಿಷ್ ತೋಟಗಾರರು ಬಳ್ಳಿಗಳ ಬಗ್ಗೆ ಹೇಳುವುದುಂಟು. ಈ ಬಳ್ಳಿ ಅದಕ್ಕಿಂತಲೂ ನಿಧಾನಿ. ಹೂ ಬರಲು ಐದು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಕಾಣದ ಬೆಳವಣಿಗೆಯನ್ನು ಸೋಮಾರಿತನವೆಂದು ತಿಳಿದು ಬೇರೆ ಕಡೆಗೆ ನೆಟ್ಟರೆ ಲೆಕ್ಕ ಮತ್ತೆ ಮೊದಲಿನಿಂದ ಶುರು.

ನಮ್ಮ ಅಂಗಳಕ್ಕೆ?

ಚಳಿಗಾಲದ ವಿಶ್ರಾಂತಿ ಬೇಡುವ ಈ ಬಳ್ಳಿ ನಮ್ಮ ಬಯಲುಸೀಮೆಗೆ ಹೇಳಿದ್ದಲ್ಲ. ಅದರ ಪಾಠ ಮಾತ್ರ ಇಲ್ಲಿಯೂ ಸಲ್ಲುತ್ತದೆ. ನೆರಳಿನ ಮೂಲೆಗೆ ಕಾಳುಮೆಣಸು ಅಥವಾ ವೀಳ್ಯದೆಲೆ ಬಳ್ಳಿ ಇದ್ದೇ ಇದೆ. ಮೆಣಸಿನ ಬಳ್ಳಿಯನ್ನೂ ಆಸರೆ ಮರದ ಉತ್ತರಕ್ಕೆ, ಒಂದಡಿ ದೂರದಲ್ಲಿ ನೆಡುವುದು ವಾಡಿಕೆ. ಅದರ ಫಸಲಿಗೂ ಮೂರು ನಾಲ್ಕು ವರ್ಷ ಕಾಯಬೇಕು.

ವಿದ್ಯಾರ್ಥಿಗಳು ಇಲ್ಲೊಂದು ಸರಳ ಪ್ರಯೋಗ ಮಾಡಬಹುದು. ಮನೆಯ ಉತ್ತರದ ಗೋಡೆಗೆ ಯಾವ ತಿಂಗಳು, ಎಷ್ಟು ಹೊತ್ತು ಬಿಸಿಲು ಬೀಳುತ್ತದೆ ಎಂದು ಬರೆದಿಡಿ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರುವುದರಿಂದ, ಇಂಗ್ಲೆಂಡಿನಂತಲ್ಲದೆ ಆ ಗೋಡೆಗೂ ಬಿಸಿಲು ತಾಗುತ್ತದೆ. ಜತೆಗೆ ಒಂದು ಬಳ್ಳಿ ನೆಟ್ಟು, ತಿಂಗಳಿಗೊಮ್ಮೆ ಅದರ ಎತ್ತರ ಅಳೆಯಿರಿ. ಹಲವು ತಿಂಗಳು ಅಂಕಿ ಬದಲಾಗದಿದ್ದರೆ ಹೆತ್ತವರೂ ಮಕ್ಕಳೂ ನಿರಾಶರಾಗಬೇಕಿಲ್ಲ. ಬಳ್ಳಿಯ ಲೆಕ್ಕ ಮಣ್ಣಿನೊಳಗೆ ನಡೆಯುತ್ತಿರುತ್ತದೆ.