ಮಕ್ಕಳ ಮೆದುಳಿನ ಗಡ್ಡೆ: ಶಸ್ತ್ರಕ್ರಿಯೆಯೂ ಪ್ರೋಟಾನ್ ಕಿರಣಚಿಕಿತ್ಸೆಯೂ

ಮಹಾಲಿಂಗಪುರ, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳ ಹಿರಿಯರ ಬಾಯಲ್ಲಿ ‘ಮಿರಜಿಗೆ ಒಯ್ದರು’ ಎಂಬ ಮಾತಿಗೆ ಒಂದು ವಿಶೇಷಾರ್ಥವುಂಟು. ಬೇನೆಯು ಊರ ವೈದ್ಯರ ಕೈಮೀರಿತೆಂಬುದೇ ಅದರ ತಾತ್ಪರ್ಯ. ಡಾ. ವಿಲಿಯಂ ವಾನ್ಲೆಸ್ ಎಂಬ ಮಿಶನ್ ವೈದ್ಯರು 1894ನೆಯ ಇಸವಿಯಲ್ಲಿ ಮಿರಜಿನಲ್ಲಿ ಸ್ಥಾಪಿಸಿದ ದವಾಖಾನೆಯ ಹೆಸರು ನಮ್ಮ ಸೀಮೆಯಲ್ಲಿ ಅಷ್ಟು ಬಳಕೆಯಾಗಿತ್ತು. ಆದರೆ ಮಗುವಿನ ಮೆದುಳಿನಲ್ಲಿ ಗಡ್ಡೆ ಬೆಳೆದರೆ ಆ ಕಾಲದಲ್ಲಿ ಎಷ್ಟು ದೂರ ಒಯ್ದರೂ ಫಲವು ಸ್ವಲ್ಪವೇ. ಭಾರತದಲ್ಲಿ ಮೆದುಳಿನ ಶಸ್ತ್ರಕ್ರಿಯೆಗೆಂದೇ ಪ್ರತ್ಯೇಕವಾದ ಮೊದಲನೆಯ ವಿಭಾಗವು ಡಾ. ಜೇಕಬ್ ಚಾಂಡಿಯವರ ಮುಖಾಂತರ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ತೆರೆದದ್ದೇ 1949ರಲ್ಲಿ. ಆ ಕಾಲೇಜು 1918ರಲ್ಲಿ ಡಾ. ಆಯ್ಡಾ ಸ್ಕಡರರಿಂದ ಹೆಣ್ಣುಮಕ್ಕಳ ವೈದ್ಯಶಾಲೆಯಾಗಿ ಆರಂಭವಾದುದೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ನೆನಪು ಮಾಡಿದರೆ ಅಪ್ರಸ್ತುತವಾಗಲಾರದು.

ಇಂದು ಈ ಗಡ್ಡೆಗಳಲ್ಲಿ ಅನೇಕವು ಗುಣವಾಗತಕ್ಕವು. ಅವುಗಳ ಸಂಬಂಧವಾಗಿ ಪ್ರೋಟಾನ್ ಎಂಬ ಕಿರಣದ ಹೆಸರು ಈಚೆಗೆ ಪಾಲಕರ ಕಿವಿಗೆ ಬೀಳುತ್ತಿದೆ. ಅದೇನು, ಅದರಿಂದ ಆಗುವುದೆಷ್ಟು ಎಂಬುದನ್ನು ತಿಳಿಸಬೇಕೆಂದು ನಾವು ಈ ಲೇಖನವನ್ನು ಬರೆಯುತ್ತಿದ್ದೇವೆ. ಆದರೆ ಕಿರಣಕ್ಕೂ ಮೊದಲು ಲಕ್ಷಣಗಳ ಮಾತನ್ನು ಹೇಳಲೇಬೇಕು. ಏಕೆಂದರೆ ತಾಯಿತಂದೆಗಳ ಕೈಯಲ್ಲಿರುವ ಭಾಗವು ಅದೇ.

ಮಕ್ಕಳಲ್ಲಿ ಈ ಗಡ್ಡೆಯು ಬಹಳ ಸಾರಿ ತಲೆಯ ಹಿಂಭಾಗದ ಚಿಕ್ಕಮೆದುಳಿನಲ್ಲಿ ಹುಟ್ಟುತ್ತದೆ. ಅಲ್ಲಿ ಬೆಳೆದ ಗಡ್ಡೆಯು ಮೆದುಳಿನ ಒಳಗಿನ ನೀರು ಹರಿದುಹೋಗುವ ದಾರಿಯನ್ನು ಕಟ್ಟಿಬಿಡುವುದರಿಂದ ತಲೆಯೊಳಗೆ ಒತ್ತಡವೇರುತ್ತದೆ. ಮಗುವು ಬೆಳಿಗ್ಗೆ ಏಳುತ್ತಲೇ ತಲೆನೋವೆಂದು ಅಳುತ್ತದೆ, ವಾಂತಿ ಮಾಡುತ್ತದೆ. ವಾಂತಿಯಾದ ಮೇಲೆ ತುಸು ಹಗುರವೆನಿಸಿ ಮಧ್ಯಾಹ್ನಕ್ಕೆ ಆಡಲೂ ಹೋಗಬಹುದು. ಇದನ್ನು ಕಂಡ ಮನೆಯವರು ಪಿತ್ತವೆನ್ನುತ್ತಾರೆ, ದೃಷ್ಟಿಯಾಗಿದೆಯೆನ್ನುತ್ತಾರೆ. ಶಾಲೆ ತಪ್ಪಿಸುವ ನೆವವೆಂದು ಗದರಿಸುವವರೂ ಉಂಟು. ಬಳಿಕ ನಡಿಗೆ ತೂರಾಡುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಕತ್ತು ಓರೆಯಾಗುತ್ತದೆ, ದುಂಡಾಗಿದ್ದ ಅಕ್ಷರವು ಕೆಡುತ್ತದೆ. ಎಳೆಗೂಸಾದರೆ ತಲೆಯೇ ದೊಡ್ಡದಾಗುತ್ತ ಹೋಗುವುದು. ಬೆಳಗಿನ ತಲೆನೋವೂ ವಾಂತಿಯೂ ಎರಡು ವಾರ ಬಿಡದೆ ಬಂದರೆ, ಅಥವಾ ನಡಿಗೆಯಲ್ಲಿ ತೂಕ ತಪ್ಪಿದರೆ, ಔಷಧದ ಅಂಗಡಿಯ ಗುಳಿಗೆಯಲ್ಲಿ ದಿನ ಕಳೆಯದೆ ಎಂ.ಆರ್.ಐ. ಎಂಬ ಪರೀಕ್ಷೆಯ ವಿಷಯವನ್ನು ವೈದ್ಯರಲ್ಲಿ ನೇರವಾಗಿ ಕೇಳಬೇಕು. ತೂರಾಟವು ಈಗಾಗಲೇ ಕಂಡಿದ್ದರೆ ಎರಡು ವಾರವೂ ಕಾಯತಕ್ಕದ್ದಲ್ಲ.

ಗಡ್ಡೆ ಕಂಡರೆ ಮೊದಲನೆಯ ಚಿಕಿತ್ಸೆಯು ಪ್ರಾಯಶಃ ಶಸ್ತ್ರಕ್ರಿಯೆಯೇ. ತಲೆಯ ಹಿಂಬದಿಯ ಎಲುಬನ್ನು ತೆರೆದು ಸೂಕ್ಷ್ಮದರ್ಶಕದ ಕೆಳಗೆ ಹಲವು ತಾಸು ನಡೆಯುವ ಕೆಲಸವದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಂಥ ಕಾರ್ಯಕ್ಕೆ ಬಹುಕಾಲದಿಂದ ಹೆಸರಾಗಿದೆ. ತೆಗೆದ ತುಣುಕನ್ನು ಪರೀಕ್ಷಿಸಿದಾಗ ಗಡ್ಡೆಯ ಜಾತಿ ತಿಳಿಯುತ್ತದೆ. ಕೆಲವು ಸೌಮ್ಯ ಜಾತಿಯವು ಪೂರ್ಣವಾಗಿ ತೆಗೆಯಲ್ಪಟ್ಟರೆ ಅಲ್ಲಿಗೆ ಮುಗಿಯಿತು. ಯಾವ ಕಿರಣವೂ ಬೇಡ. ಆದರೆ 1925ರಲ್ಲಿ ಅಮೇರಿಕೆಯ ಬೇಲಿ ಮತ್ತು ಕುಶಿಂಗ್ ಎಂಬ ವೈದ್ಯರು ಹೆಸರಿಟ್ಟ ಮೆಡುಲ್ಲೊಬ್ಲಾಸ್ಟೋಮವೆಂಬ ಉಗ್ರ ಜಾತಿಯು ಮೆದುಳಿನ ನೀರಿನೊಡನೆ ಬೆನ್ನುಹುರಿಯವರೆಗೂ ಬೀಜ ಚೆಲ್ಲುವಂಥದು. ಆದುದರಿಂದ ಬರಿಯ ಶಸ್ತ್ರಕ್ಕೆ ಅದು ಜಗ್ಗದು. ಮೆದುಳಿಗೂ ಬೆನ್ನುಹುರಿಗೂ ಪೂರ್ತಿಯಾಗಿ ಕಿರಣ ಕೊಟ್ಟರೆ ಮಕ್ಕಳು ಉಳಿಯಬಲ್ಲರೆಂದು 1953ರಲ್ಲಿ ಮ್ಯಾಂಚೆಸ್ಟರಿನಿಂದ ಪ್ರಕಟಿಸಿದವರಲ್ಲಿ ಡಾ. ಈಡಿತ್ ಪ್ಯಾಟರ್ಸನ್ ಎಂಬ ವೈದ್ಯೆಯು ಮುಖ್ಯರು. ಈಗ ಶಸ್ತ್ರ, ಕಿರಣ, ಔಷಧ ಮೂರೂ ಕೂಡಿದರೆ, ಹರಡದೆ ಇರುವ ಸ್ಥಿತಿಯಲ್ಲಿ ಸಿಕ್ಕಿದ ಮಕ್ಕಳಲ್ಲಿ ಉತ್ತಮ ಕೇಂದ್ರಗಳಲ್ಲಿ ನೂರಕ್ಕೆ ಸುಮಾರು 80 ಮಂದಿ ಐದು ವರ್ಷಗಳನ್ನು ದಾಟುತ್ತಾರೆ.

ಹೀಗೆ ಉಳಿದ ಮಗುವಿನ ಮುಂದೆ ಅರವತ್ತು ವರ್ಷಗಳ ಬಾಳಿದೆ. ಪ್ರೋಟಾನಿನ ಪ್ರಶ್ನೆ ಏಳುವುದು ಇಲ್ಲಿ. ಸಾಧಾರಣ ಕ್ಷ-ಕಿರಣವು ನಮ್ಮ ಕಬ್ಬಿನ ಹೊಲಕ್ಕೆ ಮಣ್ಣಿನ ಕಾಲುವೆಯಲ್ಲಿ ಬಿಟ್ಟ ನೀರಿನಂತೆ: ಬೇಕಾದ ಮಡಿಗೆ ಮುಟ್ಟುವ ಮೊದಲೂ ಇಂಗುತ್ತದೆ, ಮುಟ್ಟಿದ ಬಳಿಕವೂ ಮುಂದಿನ ಹೊಲಕ್ಕೆ ಹರಿಯುತ್ತದೆ. ಬೆನ್ನಿನ ಕಡೆಯಿಂದ ಬಿಟ್ಟದ್ದು ಹೃದಯ, ಗಂಟಲಿನ ಥೈರಾಯ್ಡ್ ಗ್ರಂಥಿ, ಕರುಳುಗಳನ್ನು ಹಾದುಹೋಗುವುದು. ಪ್ರೋಟಾನ್ ಎಂದರೆ ಜಲಜನಕದ ಪರಮಾಣುವಿನ ನಡುಗಣ ಕಣ. ಅದನ್ನು ಸೈಕ್ಲೊಟ್ರಾನ್ ಯಂತ್ರದಲ್ಲಿ ಬೆಳಕಿನ ವೇಗದ ಅರ್ಧಕ್ಕಿಂತ ಹೆಚ್ಚು ವೇಗಕ್ಕೆ ಏರಿಸಿ ಬಿಟ್ಟರೆ, ಗೊತ್ತುಮಾಡಿದ ಆಳದಲ್ಲಿ ತನ್ನ ಶಕ್ತಿಯ ದೊಡ್ಡ ಪಾಲನ್ನು ಸುರಿದು ನಿಂತುಬಿಡುತ್ತದೆ. ತಲೆಯ ಮೇಲೆ ಹೊತ್ತುತಂದ ಕೊಡವನ್ನು ಸಸಿಯ ಬುಡದಲ್ಲಿ ಬರಿದು ಮಾಡಿದ ಹಾಗೆ. ದಾರಿಯಲ್ಲಿ ಕೊಡವು ತುಳುಕುವುದುಂಟು, ಅದನ್ನು ಮುಚ್ಚಿಡಬಾರದು; ಆದರೆ ಸಸಿಯ ಆಚೆಗೆ ನೀರು ಹೋಗುವುದು ಇಲ್ಲವೆಂಬಷ್ಟು ಸ್ವಲ್ಪ. ಕಣಗಳ ಈ ಗುಣವನ್ನು ಬ್ರ್ಯಾಗ್ ಎಂಬ ವಿಜ್ಞಾನಿಯು 20ನೆಯ ಶತಮಾನದ ಆರಂಭದಲ್ಲೇ ಕಂಡಿದ್ದರು. ಚಿಕಿತ್ಸೆಗೆ ಪ್ರೋಟಾನನ್ನು ಬಳಸಬಹುದೆಂದು ರಾಬರ್ಟ್ ವಿಲ್ಸನ್ನರು 1946ರಲ್ಲಿ ಸೂಚಿಸಿದರು. 1954ರಲ್ಲಿ ಬರ್ಕ್ಲಿಯಲ್ಲಿ ಮನುಷ್ಯರ ಮೇಲೆ ಪ್ರಯೋಗವಾಯಿತು. ನಮ್ಮ ದೇಶಕ್ಕೆ ಬಂದದ್ದು 2019ರಲ್ಲಿ, ಚೆನ್ನೈಯ ಅಪೋಲೊ ಕೇಂದ್ರಕ್ಕೆ. 2023ರಲ್ಲಿ ನವಿ ಮುಂಬಯಿಯ ಖಾರಘರದಲ್ಲಿ ಟಾಟಾ ಸ್ಮಾರಕ ಸಂಸ್ಥೆಯೂ ಆರಂಭಿಸಿತು.

ಕಿರಣ ತಗಲುವಾಗ ನೋವಿಲ್ಲ. ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ ನಡೆಯುತ್ತದೆ. ಅಲುಗಾಡದಂತೆ ಮುಖಕ್ಕೆ ಜಾಳಿಗೆಯ ಮುಖವಾಡ ಹಾಕುತ್ತಾರೆ. ತೀರ ಚಿಕ್ಕ ಮಕ್ಕಳಿಗೆ ದಿನವೂ ಅರಿವಳಿಕೆ. ಮೂರು ವರ್ಷದೊಳಗಿನ ಕೂಸಿಗಾದರೆ ಕಿರಣವನ್ನೇ ಆದಷ್ಟು ಮುಂದೂಡಿ ಔಷಧದಿಂದ ಕಾಲ ನೂಕುವುದುಂಟು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಗಡ್ಡೆಯನ್ನು ಕೊಲ್ಲುವುದರಲ್ಲಿ ಪ್ರೋಟಾನ್ ಕ್ಷ-ಕಿರಣಕ್ಕಿಂತ ಬಲಶಾಲಿಯೆಂದು ಸಿದ್ಧವಾಗಿಲ್ಲ. ಅದರ ಹಿರಿಮೆಯಿರುವುದು ಸುತ್ತಲಿನ ಅಂಗಗಳನ್ನು ಕಾಯುವುದರಲ್ಲಿ. ಖಾಸಗಿ ಆಸ್ಪತ್ರೆಯಲ್ಲಿ ಅದಕ್ಕೆ ಹತ್ತಾರು ಲಕ್ಷ ರೂಪಾಯಿ ಬೇಕು. ಹೊಲ ಮಾರಲು, ಸಾಲ ಹುಡುಕಲು ಹೋಗಿ ಎರಡು ಮೂರು ತಿಂಗಳು ಕಳೆದರೆ ಗಡ್ಡೆಯು ಕಾಯುವುದಿಲ್ಲ; ಶಸ್ತ್ರದ ನಂತರ ನಾಲ್ಕರಿಂದ ಆರು ವಾರಗಳಲ್ಲಿ ಕಿರಣ ಆರಂಭವಾಗತಕ್ಕದ್ದು. ಬೆಂಗಳೂರಿನ ಕಿದ್ವಾಯಿಯಂಥ ಸಂಸ್ಥೆಯಲ್ಲಿ ಸಕಾಲಕ್ಕೆ ದೊರೆತ ಕ್ಷ-ಕಿರಣವು ತಡವಾಗಿ ದೊರೆತ ಪ್ರೋಟಾನಿಗಿಂತ ಮೇಲೆಂಬುದು ನಮ್ಮ ದೃಢವಾದ ಅಭಿಪ್ರಾಯ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಯೋಜನೆಯ ಕಾರ್ಡನ್ನು ಮೊದಲನೆಯ ದಿನವೇ ಜೊತೆಗೆ ಒಯ್ಯಬೇಕು.

ಮಗುವು ಮನೆಗೆ ಬಂದ ಮೇಲಿನ ಸಂಗತಿಯನ್ನು ಆಸ್ಪತ್ರೆಯವರು ಅವಸರದಲ್ಲಿ ಹೇಳಿರುತ್ತಾರೆ. ಕೆಲವು ಮಕ್ಕಳು ಶಸ್ತ್ರಕ್ರಿಯೆಯ ನಂತರ ವಾರಗಟ್ಟಲೆ ಮಾತನ್ನೇ ಆಡುವುದಿಲ್ಲ. ಮೆಲ್ಲನೆ ಮಾತು ಮರಳುತ್ತದೆ, ತಾಯಂದಿರು ಹೆದರಬಾರದು. ವರ್ಷಗಳು ಕಳೆದಂತೆ ಎತ್ತರ ಕುಂಠಿತವಾಗಬಹುದು, ಕಿವಿ ಮಂದವಾಗಬಹುದು, ಹೆಣ್ಣುಮಕ್ಕಳು ಮೈನೆರೆಯುವ ಕಾಲದಲ್ಲಿ ಏರುಪೇರಾಗಬಹುದು. ಇವಕ್ಕೆಲ್ಲ ವರ್ಷವರ್ಷವೂ ಪರೀಕ್ಷೆ ಬೇಕು. ಬುದ್ಧಿಶಕ್ತಿಯು ಸ್ವಲ್ಪ ಕುಂದಬಹುದು, ಕಲಿಕೆಯು ನಿಧಾನವಾಗಬಹುದು: ಲೆಕ್ಕವನ್ನು ಬಲ್ಲಳು, ಹೊತ್ತು ಹೆಚ್ಚು ಬೇಕು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿ ಇಂದು ಶಿಕ್ಷಕಿಯರು. ಇಂಥ ಹುಡುಗಿಯು ತಮ್ಮ ವರ್ಗಕ್ಕೆ ಬಂದರೆ ಅವಳನ್ನು ಮುಂದಿನ ಬೆಂಚಿನಲ್ಲಿ, ಚೆನ್ನಾಗಿ ಕೇಳುವ ಕಿವಿಯು ತಮ್ಮ ಕಡೆಗಿರುವಂತೆ ಕೂಡಿಸಲಿ, ಹಲಗೆಯ ಮೇಲಿನದನ್ನು ಬರೆದುಕೊಳ್ಳಲು ಗೆಳತಿಯೊಬ್ಬಳನ್ನು ನೇಮಿಸಲಿ, ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚಿನ ವೇಳೆಗಾಗಿ ವೈದ್ಯರ ಪ್ರಮಾಣಪತ್ರದೊಡನೆ ಶಾಲೆಯ ಮೂಲಕ ಅರ್ಜಿಯನ್ನು ವರ್ಷದ ಆರಂಭದಲ್ಲಿಯೇ ಕಳಿಸಲಿ.