ನಡುರಾತ್ರಿಯ ಎಚ್ಚರ



ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಲ್ಲಿ ಹಿರಿಯರು ನಮ್ಮೆದುರು ತೋಡಿಕೊಳ್ಳುವ ದುಃಖ ಒಂದೇ. "ಬುದ್ಧಿ, ಮಲಗಿದ ಕೂಡ್ಲೆ ನಿದ್ದಿ ಹತ್ತತದ. ನಡುರಾತ್ರ್ಯಾಗ ಎಚ್ಚರಾದ್ರ ಮುಗೀತು. ತೊಗರಿ, ಸಾಲ, ಮಗಳ ಲಗ್ನ ಎಲ್ಲಾ ತಲ್ಯಾಗ ಗಿರಕಿ ಹೊಡೀತಾವ."

2020ರ ಅಕ್ಟೋಬರದಲ್ಲಿ ಭೀಮೆ ಉಕ್ಕಿ ಹರಿದ ಮೇಲೆ, ಜೇವರ್ಗಿ ಕಡೆಯ ಹಿರಿಯರೊಬ್ಬರು ಮಳೆಯ ಸದ್ದಾದರೆ ಸಾಕು, ಎದ್ದು ಕುಳಿತುಬಿಡುತ್ತಿದ್ದರು. 'ಚಿಂತೆ ಬಿಡಿ' ಎನ್ನಲು ನಮಗೆ ನಾಲಿಗೆ ಏಳಲಿಲ್ಲ. ಹೊಲವೇ ನೀರು ಪಾಲಾದವರ ಚಿಂತೆ ಸುಳ್ಳಲ್ಲ.

ಅವರಿಗೆ ನಾವು ಹೇಳಿದ್ದಿಷ್ಟು: ನಿದ್ರೆಯನ್ನು ಬಲವಂತದಿಂದ ಕರೆಯಬೇಡಿರಿ, ಕರೆದಷ್ಟೂ ದೂರ ಸರಿಯುತ್ತದೆ. ಗಡಿಯಾರ ನೋಡಬೇಡಿರಿ. ಎದೆಯ ಮೇಲಿನ ಇಷ್ಟಲಿಂಗವನ್ನು ಅಂಗೈಯಿಂದ ಮುಚ್ಚಿ, ಉಸಿರನ್ನು ಮೆಲ್ಲಗೆ ಎಳೆದು, ಅದಕ್ಕಿಂತ ನಿಧಾನವಾಗಿ ಬಿಡುತ್ತ ಪಂಚಾಕ್ಷರಿಯನ್ನು ಮನದಲ್ಲೇ ನುಡಿಯಿರಿ. ಎಣಿಕೆ ಬೇಡ. ಮನಸ್ಸು ಸಾಲದ ಕಡೆ ಓಡಿದರೆ, ಬೆಳೆಗೆ ನುಗ್ಗಿದ ಕರುವನ್ನು ಹೊಡೆಯದೆ ತರುವಂತೆ ತನ್ನಿರಿ. ನೂರು ಸಲ ಓಡಿದರೆ ನೂರು ಸಲ. ಬಿಡುವ ಉಸಿರು ನೀಳವಾದರೆ ಎದೆಬಡಿತ ತಗ್ಗುತ್ತದೆಂದು ವೈದ್ಯರೂ ಹೇಳುತ್ತಾರೆ. ಸುಮಾರು 20 ನಿಮಿಷವಾಯಿತೆನ್ನಿಸಿದರೂ ನಿದ್ರೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕುಳಿತು ಜಪಿಸಿ, ಕಣ್ಣು ತೂಗಿದಾಗ ಮಲಗಿರಿ.

ಸಾಲದ ಲೆಕ್ಕ ಬೇಡವೆಂದಲ್ಲ. ದೀಪ ಹಚ್ಚುವ ಹೊತ್ತಿಗೆ ಮಗನನ್ನು ಕೂರಿಸಿಕೊಂಡು ಅದನ್ನು ಬರೆದಿಡಿರಿ. ಸಂಜೆಯ ಮೇಲೆ ಚಹಾ ಬಿಡಿರಿ. ನಮ್ಮ ಸೀಮೆಯವರಿಗೆ ಇದೇ ಕಠಿಣ ವ್ರತ! ವಾರಗಟ್ಟಲೆ ನಿದ್ರೆ ಇಲ್ಲದೆ ಬದುಕೇ ಬೇಡವೆನ್ನಿಸಿದರೆ ಒಬ್ಬರೇ ನುಂಗಿಕೊಳ್ಳದೆ ವೈದ್ಯರಲ್ಲಿಗೆ ಹೋಗಿರಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ ಮಾತಾಡುವವರಿದ್ದಾರೆ.

ಆ ಹಿರಿಯರು ಮೊನ್ನೆ ಜಾತ್ರೆಗೆ ಬಂದಿದ್ದರು. "ಎಚ್ಚರ ಇನ್ನೂ ಆಗ್ತದ ಬುದ್ಧಿ, ಆದ್ರ ಬೆಳಗಾಗೋತನಕ ಕೂಡಲ್ಲ" ಎಂದರು.