ಕೇಳದೆಯೇ ಇಟ್ಟ ಹೆಸರು

ಹೋಟೆಲಿನಲ್ಲಿ ಕುಳಿತು ‘ಒಂದು ಕಾಫಿ’ ಎಂದರೆ ಸಕ್ಕರೆ ಹಾಕಿದ ಕಾಫಿಯೇ ಬರುತ್ತದೆ. ಬೇಡದವರು ಮೊದಲೇ ಹೇಳಬೇಕು. ಹೇಳದವರ ಪರವಾಗಿ ಬೇರೆ ಯಾರೋ ತೀರ್ಮಾನ ಮಾಡಿಟ್ಟಿರುತ್ತಾರೆ. ಕಂಪ್ಯೂಟರ್ ಲೋಕದಲ್ಲಿ ಇದಕ್ಕೆ ‘ಡಿಫಾಲ್ಟ್’ ಎನ್ನುತ್ತಾರೆ. ಸಾಮಾನ್ಯವಾಗಿ ಯಾರ ಗಮನಕ್ಕೂ ಬಾರದ ಇಂಥದೊಂದು ಡಿಫಾಲ್ಟ್ 2020ರಲ್ಲಿ ತಂತ್ರಾಂಶ ಬರೆಯುವವರ ನಡುವೆ ದೊಡ್ಡ ಜಗಳವನ್ನೇ ಹುಟ್ಟಿಸಿತು. ಜಗಳ ನಡೆದದ್ದು ಒಂದೇ ಒಂದು ಪದದ ಮೇಲೆ.

ತಂತ್ರಾಂಶದ ಹೊಸ ಕೆಲಸ ಆರಂಭಿಸುವವರು ಹೆಚ್ಚಾಗಿ ಮೌಸ್ ಮುಟ್ಟುವುದಿಲ್ಲ. ಒಂದು ಸಾಲಿನ ಆಜ್ಞೆಯನ್ನು ಟೈಪ್ ಮಾಡುತ್ತಾರೆ. ‘ಗಿಟ್ ಇನಿಟ್’ ಅಂಥ ಒಂದು ಆಜ್ಞೆ. ಗಿಟ್ ಎಂಬುದು ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ಸಾಧನ. ಯಾವ ಸಾಲನ್ನು ಯಾರು, ಯಾವಾಗ ತಿದ್ದಿದರು ಎಂಬ ಲೆಕ್ಕವನ್ನು ಅದು ಇಡುತ್ತದೆ. ಒಂದೇ ಕೆಲಸವನ್ನು ಹಲವು ಕವಲುಗಳಲ್ಲಿ ಬೆಳೆಸಿ ಆಮೇಲೆ ಕೂಡಿಸಲು ಅದರಲ್ಲಿ ಅನುಕೂಲವಿದೆ. ಮೊದಲ ಕವಲಿಗೂ ಒಂದು ಹೆಸರು ಬೇಕಲ್ಲವೇ? ಗಿಟ್ ಅದನ್ನು ಯಾರನ್ನೂ ಕೇಳುತ್ತಿರಲಿಲ್ಲ. ತಾನೇ ‘ಮಾಸ್ಟರ್’ ಎಂದು ಇಟ್ಟುಬಿಡುತ್ತಿತ್ತು.

ನಮ್ಮ ಕಿವಿಗೆ ಮಾಸ್ಟರ್ ಎಂದರೆ ಶಾಲೆಯ ಮೇಷ್ಟ್ರು. ಅಮೆರಿಕದ ಕರಿಯ ಜನರಿಗೆ ಆ ಪದದ ಇನ್ನೊಂದು ಅರ್ಥ ಮರೆಯುವಂಥದಲ್ಲ: ಗುಲಾಮರನ್ನು ಕೊಂಡು ಇಟ್ಟುಕೊಂಡಿದ್ದ ಒಡೆಯ. 2020ರ ಮೇ 25ರಂದು ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಸತ್ತ ನಂತರ ಎದ್ದ ಚಳವಳಿಯಲ್ಲಿ ಈ ಪದವೂ ಪ್ರಶ್ನೆಗೆ ಒಳಗಾಯಿತು. ಗಿಟ್‌ನ ಆರಂಭದ ದಿನಗಳಲ್ಲಿ ಆ ಹೆಸರನ್ನು ಆರಿಸಿದ್ದ ಪೀಟರ್ ಬೌಡಿಸ್, ಅದರ ಬದಲು ‘ಮೇನ್’ ಎಂದು ಇಡಬೇಕಿತ್ತೆಂದು ತಮಗೆ ಅನೇಕ ಸಲ ಅನ್ನಿಸಿದೆ ಎಂದರು. ಅವರ ಮನಸ್ಸಿನಲ್ಲಿದ್ದದ್ದು ಧ್ವನಿಮುದ್ರಣದ ಮೂಲಪ್ರತಿಯ ಅರ್ಥ.

ವಿರೋಧಿಗಳ ವಾದವನ್ನೂ ತಳ್ಳಿಹಾಕುವಂತಿಲ್ಲ. ಪದ ಬದಲಾಯಿಸಿದರೆ ವರ್ಣಭೇದ ಹೋಗುತ್ತದೆಯೇ, ಹದಿನೈದು ವರ್ಷಗಳ ಪುಸ್ತಕ, ಪಾಠಗಳನ್ನೆಲ್ಲ ತಿದ್ದುವವರು ಯಾರು ಎಂದು ಅವರು ಕೇಳಿದರು. ಆದರೆ ಹಳೆಯ ಹೆಸರನ್ನು ಯಾರೂ ಯೋಚಿಸಿ ಒಪ್ಪಿಕೊಂಡಿರಲಿಲ್ಲ ಎಂಬುದೂ ನಿಜ. ಲಕ್ಷಾಂತರ ಜನ ಅದನ್ನು ಬಳಸಿದ್ದು ಅದು ತಾನಾಗಿ ಬಂದಿತ್ತು ಎಂಬ ಕಾರಣಕ್ಕೆ.

ಗಿಟ್ ಬಳಗ ಮಧ್ಯದ ದಾರಿ ಹಿಡಿಯಿತು. 2020ರ ಜುಲೈನಲ್ಲಿ ಬಂದ 2.28 ಆವೃತ್ತಿಯಲ್ಲಿ ಮೊದಲ ಕವಲಿನ ಹೆಸರನ್ನು ಬಳಕೆದಾರರೇ ಗೊತ್ತುಮಾಡಿಕೊಳ್ಳುವ ಸೌಲಭ್ಯ ಬಂತು. ಏನೂ ಹೇಳದವರಿಗೆ ಮಾತ್ರ ಹಳೆಯ ಮಾಸ್ಟರೇ ಉಳಿಯಿತು. ಆದರೆ ಗಿಟ್ ಕಡತಗಳನ್ನು ಅಂತರಜಾಲದಲ್ಲಿ ಇಟ್ಟುಕೊಳ್ಳುವ ಗಿಟ್‌ಹಬ್ ಸಂಸ್ಥೆ ಅಕ್ಟೋಬರ್ 1ರಿಂದ ಹೊಸ ಯೋಜನೆಗಳಿಗೆಲ್ಲ ಮೇನ್ ಎಂದೇ ಹೆಸರಿಟ್ಟಿತು. ಇದರಿಂದ ಪೇಚಿಗೆ ಸಿಕ್ಕವರು ಹೊಸದಾಗಿ ಕಲಿಯುವವರು. ಸ್ವಂತ ಕಂಪ್ಯೂಟರಿನಲ್ಲಿ ಮಾಸ್ಟರ್, ಗಿಟ್‌ಹಬ್‌ನಲ್ಲಿ ಮೇನ್. ಪಾಠದಲ್ಲಿ ಇದ್ದಂತೆಯೇ ಟೈಪ್ ಮಾಡಿದರೂ ‘ಅಂಥ ಹೆಸರಿನದು ಇಲ್ಲಿಲ್ಲ’ ಎಂಬ ಉತ್ತರ!

ಇಂಥ ಮೌನ ತೀರ್ಮಾನಗಳು ಗಿಟ್‌ನಲ್ಲಿ ಮಾತ್ರ ಇರುವುದಲ್ಲ. ರಸ್ಟ್ ಭಾಷೆಯ ‘ಕಾರ್ಗೊ ನ್ಯೂ’ ಆಜ್ಞೆ 2018ರವರೆಗೆ, ಹೇಳದಿದ್ದರೆ, ಇತರ ತಂತ್ರಾಂಶಗಳು ಬಳಸಿಕೊಳ್ಳುವ ‘ಲೈಬ್ರರಿ’ಯನ್ನು ಸಿದ್ಧಪಡಿಸುತ್ತಿತ್ತು, ಆಮೇಲೆ ನೇರವಾಗಿ ಓಡಿಸಬಹುದಾದ ತಂತ್ರಾಂಶವನ್ನು ಕೊಡತೊಡಗಿತು. ಇದು ಸಣ್ಣ ಸಂಗತಿ. ಜಾವಾಸ್ಕ್ರಿಪ್ಟ್ ಬರೆಯುವವರ ‘ಎನ್‌ಪಿಎಂ ಇನಿಟ್’ ವಿಷಯ ಹಾಗಲ್ಲ. ಅದು ಕೇಳುವ ಪ್ರಶ್ನೆಗಳಿಗೆ ಸುಮ್ಮನೆ ಎಂಟರ್ ಕೀಲಿ ಒತ್ತುತ್ತ ಹೋದವರ ಕೃತಿಗೆ ಅದು ಬಹುಕಾಲ ‘ಐಎಸ್‌ಸಿ’ ಎಂಬ ಪರವಾನಗಿಯನ್ನು ಬರೆದುಕೊಂಡಿದೆ. ಹಕ್ಕುಸ್ವಾಮ್ಯದ ಸೂಚನೆ ಉಳಿಸಿಕೊಂಡರೆ ಸಾಕು, ಕೃತಿಯನ್ನು ಯಾರು ಬೇಕಾದರೂ ಬಳಸಬಹುದು, ಮಾರಲೂಬಹುದು ಎಂಬುದು ಅದರ ಅರ್ಥ. ಕಾನೂನಿನ ಮಾತೊಂದನ್ನು ಹೀಗೆ ಎಂಟರ್ ಕೀಲಿಯ ಭರವಸೆಗೆ ಬಿಡುವುದು ಅತಿಯಾಯಿತು ಎನ್ನದೆ ವಿಧಿಯಿಲ್ಲ.

ಗಿಟ್‌ನ 3.0 ಆವೃತ್ತಿಗಾಗಿ ಗೊತ್ತುಮಾಡಿರುವ ಬದಲಾವಣೆಗಳಲ್ಲಿ ಮೇನ್ ಹೆಸರನ್ನೇ ಡಿಫಾಲ್ಟ್ ಮಾಡುವುದೂ ಸೇರಿದೆ. ಹಳೆಯ ಯೋಜನೆಗಳ ಹೆಸರು ಅದರಿಂದ ತಾನಾಗಿ ಬದಲಾಗುವುದಿಲ್ಲ. ಈ ಎರಡೂ ಬೇಡವೆನ್ನುವವರು ತಮಗೆ ಇಷ್ಟವಾದ ಹೆಸರನ್ನು ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಬಹುದು. ‘ಮುಖ್ಯ’ ಎಂದು ಕನ್ನಡ ಲಿಪಿಯಲ್ಲಿ ಬರೆದರೂ ಗಿಟ್ ಒಪ್ಪಿಕೊಳ್ಳುತ್ತದೆ.